ಹದಿನೈದರ ನಿನಗೆ: ಆಂಜೆಲಾ ಅಕಿಯ ಹಾಡು ಮತ್ತು ನಮ್ಮ ಹತ್ತನೆಯ ತರಗತಿ

ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳ ಪ್ರೌಢಶಾಲೆಗಳಲ್ಲಿ ಡಿಸೆಂಬರ್ ಮುಗಿಯುತ್ತಿದ್ದಂತೆ ಹತ್ತನೆಯ ತರಗತಿಯವರ ದಿನಚರಿಯೇ ಬದಲಾಗಿಬಿಡುತ್ತದೆ. ಬೆಳಗ್ಗೆ ಬೇಗ ವಿಶೇಷ ತರಗತಿ, ಸಂಜೆ ಗುಂಪು ಅಧ್ಯಯನ, ಒಂದರ ಹಿಂದೊಂದು ಪೂರ್ವಸಿದ್ಧತಾ ಪರೀಕ್ಷೆ, ಇವುಗಳ ನಡುವೆ ಸಂಪನ್ಮೂಲ ವ್ಯಕ್ತಿಯೊಬ್ಬರು ಸಭಾಂಗಣದಲ್ಲಿ ಮೈಕು ಹಿಡಿದು ನಡೆಸಿಕೊಡುವ ಪ್ರೇರಣಾ ಶಿಬಿರ. 2025ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ದಕ್ಷಿಣ ಕನ್ನಡ ಶೇ. 91.12ರೊಂದಿಗೆ ರಾಜ್ಯಕ್ಕೆ ಮೊದಲನೆಯ ಜಿಲ್ಲೆಯಾಗಿ, ಉಡುಪಿ ಶೇ. 89.96ರೊಂದಿಗೆ ಎರಡನೆಯದಾಗಿ ಬಂದದ್ದು ನಮಗೆಲ್ಲ ಹೆಮ್ಮೆಯ ಸಂಗತಿಯೇ. ಆದರೆ ಆ ಅಂಕಿಗಳ ಭಾರವನ್ನು ಮುಂದಿನ ವರ್ಷ ಹೊರಬೇಕಾದವರು ಹದಿನೈದು ವರ್ಷದ ಮಕ್ಕಳು ಎಂಬುದನ್ನು ತರಗತಿಯಲ್ಲಿ ನಿಂತು ಪಾಠ ಹೇಳುವ ನಮ್ಮಂಥವರು ದಿನವೂ ಕಣ್ಣಾರೆ ಕಾಣುತ್ತೇವೆ. ಆ ವಯಸ್ಸಿನವರಿಗೆಂದೇ ಹುಟ್ಟಿದ ಮಾತುಗಳಲ್ಲಿ ನಾನು ಮನಸಾರೆ ನಂಬುವುದು ಜಪಾನಿನ ಗಾಯಕಿ, ಗೀತರಚನಕಾರ್ತಿ ಆಂಜೆಲಾ ಅಕಿಯವರ ಒಂದು ಹಾಡನ್ನು. ಅದರ ಹೆಸರು ‘ತೆಗಾಮಿ – ಹೈಕೇ ಜೂಗೊ ನೊ ಕಿಮಿ ಎ’. ಕನ್ನಡದಲ್ಲಿ ಹೇಳುವುದಾದರೆ, ‘ಪತ್ರ – ಹದಿನೈದರ ನಿನಗೆ’.

ಈ ಹಾಡು ಹುಟ್ಟಿದ ಬಗೆಯನ್ನು ಮೊದಲು ಹೇಳಬೇಕು, ಏಕೆಂದರೆ ಹಾಡಿನ ಬಲವೆಲ್ಲ ಅಲ್ಲೇ ಇದೆ. ಆಂಜೆಲಾ ಹದಿಹರೆಯದಲ್ಲಿದ್ದಾಗ, ಮುಂದೆ ದೊಡ್ಡವಳಾಗಲಿರುವ ತನಗೆ ತಾನೇ ಒಂದು ಪತ್ರವನ್ನು ಬರೆದಿದ್ದರು. ಮೂವತ್ತನೆಯ ಹುಟ್ಟುಹಬ್ಬಕ್ಕೆ ತಾಯಿ ಅದನ್ನೇ ಮಗಳಿಗೆ ಕಳುಹಿಸಿಕೊಟ್ಟರು. ಹೆಚ್ಚುಕಡಿಮೆ ಅದೇ ಸಮಯದಲ್ಲಿ ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆಯಾದ ಎನ್‌ಎಚ್‌ಕೆ ನಡೆಸುವ ರಾಷ್ಟ್ರೀಯ ಶಾಲಾ ಗಾಯನ ಸ್ಪರ್ಧೆಗೆ ಅವರು ಹಾಡು ಬರೆದುಕೊಡಬೇಕಾಗಿತ್ತು. 1932ರಿಂದ ನಡೆದುಬಂದಿರುವ ಆ ಸ್ಪರ್ಧೆಯಲ್ಲಿ ಪ್ರತಿ ವಿಭಾಗಕ್ಕೂ ಒಂದು ಕಡ್ಡಾಯ ಗೀತೆಯಿರುತ್ತದೆ. ದೇಶದ ಯಾವ ಮೂಲೆಯ ಶಾಲೆಯೇ ಸ್ಪರ್ಧಿಸಲಿ, ಆ ವರ್ಷ ಎಲ್ಲರೂ ಅದನ್ನೇ ಹಾಡಬೇಕು. 2008ರಲ್ಲಿ ಕಿರಿಯ ಪ್ರೌಢಶಾಲಾ ವಿಭಾಗಕ್ಕೆ ಈ ಪತ್ರವೇ ಕಡ್ಡಾಯ ಗೀತೆಯಾಯಿತು. ಆ ಸೆಪ್ಟೆಂಬರಿನಲ್ಲಿ ಆಂಜೆಲಾ ಅವರ ಧ್ವನಿಯಲ್ಲಿಯೂ ಹೊರಬಂದ ಹಾಡು ವರ್ಷ ಕಳೆಯುವಷ್ಟರಲ್ಲಿ ಊರೂರ ಮಕ್ಕಳ ಬಾಯಲ್ಲಿತ್ತು, ಇಂದಿಗೂ ಅಲ್ಲಿನ ಶಾಲೆಗಳ ಬೀಳ್ಕೊಡುಗೆ ಸಮಾರಂಭಗಳಲ್ಲಿ ಅದನ್ನು ಹಾಡುತ್ತಾರೆ.

ಹಾಡಿನಲ್ಲಿ ಎರಡು ಪತ್ರಗಳಿವೆ. ಮೊದಲನೆಯದನ್ನು ಹದಿನೈದರ ಮಗು ಬರೆಯುತ್ತದೆ: ಇದನ್ನು ಓದುತ್ತಿರುವ ನೀನು ಈಗ ಎಲ್ಲಿದ್ದೀ, ಏನು ಮಾಡುತ್ತಿದ್ದೀ ಎಂದು ವಿಚಾರಿಸಿಕೊಂಡು, ಯಾರಲ್ಲಿಯೂ ಹೇಳಿಕೊಳ್ಳಲಾಗದ ಚಿಂತೆಗಳು ತನಗಿವೆಯೆಂದೂ ಮುಂದಿನ ತನಗೆ ಬರೆದರೆ ಮಾತ್ರ ಮನಸ್ಸು ಬಿಚ್ಚಲು ಸಾಧ್ಯವಾದೀತೆಂದೂ ಅದು ತೋಡಿಕೊಳ್ಳುತ್ತದೆ. ಸೋತುಹೋಗುವಂತಿದೆ, ಅಳು ಬರುವಂತಿದೆ, ಹೀಗೇ ಇಲ್ಲವಾಗಿಬಿಡುತ್ತೇನೆ ಎನಿಸುತ್ತಿದೆ, ಯಾರ ಮಾತನ್ನು ನಂಬಿ ನಡೆಯಲಿ ಎಂಬುದು ಅದರ ಪ್ರಶ್ನೆ. ಎರಡನೆಯ ಪತ್ರ ದೊಡ್ಡವಳ ಉತ್ತರ. ನೀನು ಎಲ್ಲಿಗೆ ಹೋಗಬೇಕೆಂಬುದು ಕೇಳುತ್ತ ಕೇಳುತ್ತ ನಿನಗೇ ಕಾಣಿಸುತ್ತದೆ, ಹರೆಯದ ಕಡಲು ಒರಟಾಗಿಯೇ ಇರುತ್ತದೆ, ಆದರೂ ಕನಸಿನ ದೋಣಿಯನ್ನು ನಾಳೆಯ ದಡದ ಕಡೆಗೆ ನಡೆಸು, ಸೋಲಬೇಡ, ಅಳಬೇಡ, ನಿನ್ನ ಒಳಗಿನ ದನಿಯನ್ನೇ ನಂಬು ಎಂದು ಆಕೆ ಬರೆಯುತ್ತಾಳೆ. ಇಷ್ಟು ಬುದ್ಧಿಮಾತನ್ನು ಪ್ರೇರಣೆಯ ಹಾಡು ಬರೆಯುವ ಯಾರೇ ಆದರೂ ಬರೆದಾರು. ನನ್ನನ್ನು ಹಿಡಿದು ನಿಲ್ಲಿಸಿದ್ದು ಇದರ ಬೆನ್ನಿಗೇ ಬರುವ ಸಾಲು: ದೊಡ್ಡವಳಾದ ನನಗೂ ಮನಸ್ಸು ನೊಂದು ನಿದ್ದೆ ಬಾರದ ರಾತ್ರಿಗಳಿವೆ, ಕಹಿಯೂ ಸಿಹಿಯೂ ಆದ ಈ ಹೊತ್ತನ್ನು ನಾನು ಬದುಕುತ್ತಿದ್ದೇನೆ ಎಂಬ ಅರ್ಥ ಅದಕ್ಕಿದೆ.

ನಮ್ಮ ಸಭಾಂಗಣಗಳಲ್ಲಿ ಮಕ್ಕಳಿಗೆ ಸಿಗುವ ಭರವಸೆಗೆ ಸಾಮಾನ್ಯವಾಗಿ ಒಂದು ಷರತ್ತು ಅಂಟಿಕೊಂಡಿರುತ್ತದೆ. ಈಗ ಕಷ್ಟಪಡು, ಆಮೇಲೆ ಎಲ್ಲವೂ ಸುಖ ಎನ್ನುತ್ತೇವೆ. ಹತ್ತನೆಯದು ಮುಗಿದರೆ ಸಾಕು ಎಂದವರೇ ಪಿಯುಸಿಯ ವಿಜ್ಞಾನ ವಿಭಾಗಕ್ಕೆ ಸೇರಿದ ತಿಂಗಳಲ್ಲಿ ನೀಟ್, ಸಿಇಟಿ ಮುಗಿದರೆ ಸಾಕು ಎನ್ನುತ್ತೇವೆ. ಮಕ್ಕಳು ಇದನ್ನು ಗಮನಿಸುವುದಿಲ್ಲ ಎಂದುಕೊಳ್ಳುವುದು ಬೇಡ. ಮನೆಯಲ್ಲಿ ಸಾಲದ ಕಂತಿನ ಮಾತು, ಕೊಲ್ಲಿ ರಾಷ್ಟ್ರದಿಂದ ಕೆಲಸ ಬಿಟ್ಟು ಬಂದ ಮಾವನ ಮೌನ, ರಾತ್ರಿಯೆಲ್ಲ ಎದ್ದು ಕೂರುವ ಅಮ್ಮ, ಇವೆಲ್ಲವನ್ನೂ ಹದಿನೈದರ ಕಣ್ಣು ಚೆನ್ನಾಗಿಯೇ ನೋಡಿರುತ್ತದೆ. ಅಂಥ ಮಗುವಿನ ಮುಂದೆ ‘ದೊಡ್ಡವರಾದ ಮೇಲೆ ಎಲ್ಲ ಸರಿಯಾಗುತ್ತದೆ’ ಎಂದರೆ ಅದು ತಲೆ ಅಲ್ಲಾಡಿಸಿ ಸುಮ್ಮನಾಗುತ್ತದೆ. ಆಂಜೆಲಾ ಅವರ ಉತ್ತರಪತ್ರದಲ್ಲಿ ಆ ಸುಳ್ಳಿಲ್ಲ. ನೋವು ಮುಗಿಯಲಿಲ್ಲ, ಆದರೂ ನಾನು ಇಲ್ಲಿಯವರೆಗೆ ಬಂದಿದ್ದೇನೆ, ನಿನ್ನ ಕಾಗದ ನನ್ನ ಕೈಗೆ ಮುಟ್ಟಿದೆ ಎಂದಷ್ಟೇ ಅದು ಹೇಳುತ್ತದೆ. ಇಲ್ಲವಾಗಿಬಿಡುತ್ತೇನೆ ಎಂದು ಹೆದರಿದ ಮಗುವಿಗೆ, ಮುಂದೊಂದು ದಿನ ಉತ್ತರ ಬರೆಯಲು ತಾನು ಇರುತ್ತೇನೆ ಎಂಬುದೇ ಬಹಳ ದೊಡ್ಡ ಸುದ್ದಿ. ಪರೀಕ್ಷೆಯ ಭಯದಿಂದ, ಫಲಿತಾಂಶದ ನಾಚಿಕೆಯಿಂದ ಮಕ್ಕಳು ಜೀವಕ್ಕೆ ಎರವಾದ ವಾರ್ತೆಗಳನ್ನು ಪತ್ರಿಕೆಯಲ್ಲಿ ಓದಿದವರಿಗೆ ಈ ಸುದ್ದಿಯ ಬೆಲೆಯನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಜಪಾನಿನಲ್ಲಿಯೂ ಹದಿನೈದು ಒಂದು ಕವಲು ದಾರಿ. ಅಲ್ಲಿ ಕಡ್ಡಾಯ ಶಿಕ್ಷಣ ಒಂಬತ್ತು ವರ್ಷದ್ದು, ಪ್ರಾಥಮಿಕ ಶಾಲೆ ಆರು ವರ್ಷ, ಕಿರಿಯ ಪ್ರೌಢಶಾಲೆ ಮೂರು ವರ್ಷ. ಅದು ಮುಗಿಯುವ ಹೊತ್ತಿಗೆ ಮಗುವಿಗೆ ಹದಿನೈದು ತುಂಬಿರುತ್ತದೆ, ಮುಂದಿನ ಶಾಲೆಗೆ ಪ್ರವೇಶ ಪರೀಕ್ಷೆ ಬರೆಯಬೇಕು, ಒಂದೇ ಬೆಂಚಿನಲ್ಲಿ ಕೂತವರು ಬೇರೆಬೇರೆ ದಿಕ್ಕಿಗೆ ಹೋಗಬೇಕು. ಶಾಲಾ ವರ್ಷ ಮುಗಿಯುವುದು ಮಾರ್ಚಿನಲ್ಲಿ. ನಮ್ಮ ಎಸ್ಸೆಸ್ಸೆಲ್ಸಿಯ ವಯಸ್ಸೂ ತಿಂಗಳೂ ಇವಕ್ಕೆ ತಾಳೆಯಾಗುತ್ತವೆ.

ಅಲ್ಲಿನ ಯುವಜನರ ಹಾಡುಗಳಲ್ಲಿ ಹದಿನೈದು ಬಂದದ್ದು ಇದೇ ಮೊದಲಲ್ಲ. 1983ರಲ್ಲಿ, ಆಗತಾನೇ ಹದಿನೆಂಟು ತುಂಬಿದ್ದ ಯುಟಾಕಾ ಒಜಾಕಿ ಎಂಬ ಗಾಯಕ ‘ಹದಿನೈದರ ರಾತ್ರಿ’ ಎಂಬ ಹಾಡಿನೊಂದಿಗೆ ರಂಗಕ್ಕೆ ಬಂದ. ಕದ್ದ ಬೈಕು ಹತ್ತಿ, ಶಾಲೆಯನ್ನೂ ದೊಡ್ಡವರನ್ನೂ ಧಿಕ್ಕರಿಸಿ ಕತ್ತಲಲ್ಲಿ ಹೊರಟುಹೋಗುವ ಹುಡುಗನ ಹಾಡು ಅದು. ಉಸಿರುಕಟ್ಟಿಸುವ ಶಿಸ್ತಿನಲ್ಲಿ ಬೆಳೆಯುತ್ತಿದ್ದ ಅಲ್ಲಿನ ಹರೆಯಕ್ಕೆ ಅದು ತನ್ನದೇ ದನಿಯಂತೆ ಕೇಳಿಸಿತು. ಒಜಾಕಿ 1992ರಲ್ಲಿ, ತನ್ನ ಇಪ್ಪತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡ. ಮರುವರ್ಷ ಜಾರ್ಡ್ ತಂಡದ ಇಜುಮಿ ಸಕಾಯಿ ಬರೆದು ಹಾಡಿದ ‘ಮಕೆನಾಯ್ದೆ’, ಅಂದರೆ ‘ಸೋಲಬೇಡ’, ಬಂದಿತು. ಓಟದ ಕೊನೆಯವರೆಗೂ ಬಿಡಬೇಡ ಎನ್ನುವ ಆ ಹುರುಪಿನ ಹಾಡನ್ನು ಜಪಾನೀಯರು ಈಗಲೂ ಮ್ಯಾರಥಾನ್ ಓಟಗಾರರಿಗೆ ಹಾಡುತ್ತಾರೆ. ಒಂದರಲ್ಲಿ ಮಗು ದೊಡ್ಡವರನ್ನು ಬಿಟ್ಟು ಓಡುತ್ತದೆ, ಇನ್ನೊಂದರಲ್ಲಿ ಪಕ್ಕದಲ್ಲಿ ನಿಂತವರು ಓಡುವವನನ್ನು ಹುರಿದುಂಬಿಸುತ್ತಾರೆ. ಮಗುವೂ ದೊಡ್ಡವಳೂ ಒಬ್ಬಳೇ ಆಗಿ, ಪರಸ್ಪರ ಮಾತಾಡುವ ಏರ್ಪಾಡು ಆಂಜೆಲಾ ಅವರ ಹಾಡಿನಲ್ಲಿದೆ. ನನ್ನ ಮಟ್ಟಿಗೆ ಈ ಮೂರರಲ್ಲಿ ಅದೇ ಮೇಲು.

ಆ ಉತ್ತರವನ್ನು ಬರೆಯುವ ಅಧಿಕಾರ ಆಂಜೆಲಾ ಅವರಿಗೆ ಎಲ್ಲಿಂದ ಬಂತು ಎಂದು ನೋಡಿದರೆ ಅವರ ಬದುಕೂ ಸ್ವಲ್ಪ ತಿಳಿಯಬೇಕಾಗುತ್ತದೆ. ಅವರು 1977ರಲ್ಲಿ ಶಿಕೊಕು ದ್ವೀಪದ ತೊಕುಶಿಮಾ ಪ್ರಾಂತ್ಯದ ಇತಾನೊ ಎಂಬ ಸಣ್ಣ ಊರಿನಲ್ಲಿ ಹುಟ್ಟಿದರು. ತಂದೆ ಜಪಾನಿನವರು, ತಾಯಿ ಇಟಲಿ ಮೂಲದ ಅಮೆರಿಕನ್. ಹದಿನೈದರ ಹೊತ್ತಿಗೆ ಕುಟುಂಬ ಹವಾಯಿಗೆ ಹೋಯಿತು. ಮುಂದೆ ಅಮೆರಿಕದ ರಾಜಧಾನಿಯ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರ ಓದಿದರು. ಪ್ರಮುಖ ಕಂಪನಿಯೊಂದರಿಂದ ಅವರ ಮೊದಲ ಹಾಡು ‘ಹೋಮ್’ ಹೊರಬಂದದ್ದು 2005ರ ಸೆಪ್ಟೆಂಬರ್ 14ರಂದು, ಇಪ್ಪತ್ತೆಂಟು ತುಂಬುವ ಹಿಂದಿನ ದಿನ. ಹದಿನೇಳು ಹದಿನೆಂಟಕ್ಕೇ ತಾರೆಗಳಾಗುವವರ ನಡುವೆ ಅದು ತಡವಾದ ಆರಂಭ. 2003ರಲ್ಲಿ ಟೋಕಿಯೊದ ನಿಪ್ಪಾನ್ ಬುದೊಕಾನ್ ಸಭಾಂಗಣದಲ್ಲಿ ಶೀನಾ ರಿಂಗೊ ಎಂಬ ಗಾಯಕಿಯ ಕಾರ್ಯಕ್ರಮ ನೋಡಿ, ಮೂರು ವರ್ಷದಲ್ಲಿ ತಾನೂ ಇಲ್ಲಿ ಹಾಡುತ್ತೇನೆಂದು ಅವರು ನಿಶ್ಚಯಿಸಿದರಂತೆ. 1964ರ ಒಲಿಂಪಿಕ್ಸ್‌ನ ಜೂಡೊ ಪಂದ್ಯಗಳಿಗೆಂದು ಕಟ್ಟಿದ ಆ ವಿಶಾಲ ಸಭಾಂಗಣದಲ್ಲಿ 2006ರ ಡಿಸೆಂಬರ್ 26ರಂದು ಅವರು ವಾದ್ಯವೃಂದದ ನೆರವಿಲ್ಲದೆ, ಪಿಯಾನೊದ ಮುಂದೆ ಒಬ್ಬರೇ ಕುಳಿತು ಹಾಡಿದರು.

ಕರಾವಳಿಯ ಮಕ್ಕಳಿಗೆ ಈ ಹೆಸರುಗಳು ನಾವು ಭಾವಿಸುವಷ್ಟು ದೂರದವಲ್ಲ. ಮಂಗಳೂರು, ಮಣಿಪಾಲದ ಕಾಲೇಜು ಹುಡುಗರಂತೂ ಸರಿ, ನಮ್ಮ ಹಳ್ಳಿ ಕಡೆಯ ಪ್ರೌಢಶಾಲೆಯ ಮಕ್ಕಳೂ ಆನಿಮೆ ಎಂಬ ಜಪಾನಿ ಕಾರ್ಟೂನು ಚಿತ್ರಗಳ ಮೂಲಕ ಅಲ್ಲಿನ ಹಾಡುಗಳನ್ನು ಬಾಯಿಪಾಠ ಮಾಡಿಕೊಂಡಿರುತ್ತಾರೆ. ನಾನು ಆಂಜೆಲಾ ಅವರ ಹೆಸರು ಹೇಳಿದಾಗ ಕೊನೆಯ ಬೆಂಚಿನ ಹುಡುಗನೊಬ್ಬ, ‘ಫೈನಲ್ ಫ್ಯಾಂಟಸಿ ಹನ್ನೆರಡರಲ್ಲಿ ಅವರದೊಂದು ಹಾಡು ಉಂಟು ಟೀಚರ್, ಅಣ್ಣನ ಕಂಪ್ಯೂಟರಿನಲ್ಲಿ ಕೇಳಿದ್ದೇನೆ’ ಎಂದ. ಅವನು ಹೇಳಿದ್ದು ಸರಿ. 2006ರಲ್ಲಿ ಬಂದ ಆ ವಿಡಿಯೊ ಗೇಮಿಗೆ ಅವರು ‘ಕಿಸ್ ಮಿ ಗುಡ್‌ಬೈ’ ಎಂಬ ಹಾಡನ್ನು ಹಾಡಿಕೊಟ್ಟಿದ್ದರು.

ಕನ್ನಡ ಅವಧಿಯಲ್ಲಿ ಪತ್ರಲೇಖನ ಹೇಗೂ ಕಲಿಸಬೇಕಾದ ಪಾಠ. ಮುಖ್ಯೋಪಾಧ್ಯಾಯರಿಗೆ ರಜೆ ಅರ್ಜಿ, ಪಂಚಾಯತ್ ಅಧ್ಯಕ್ಷರಿಗೆ ದಾರಿದೀಪದ ಮನವಿ, ಪ್ರವಾಸಕ್ಕೆ ಹಣ ಕೇಳಿ ತಂದೆಗೆ ಪತ್ರ. ಈ ಬಾರಿ ಹಾಡನ್ನು ಕೇಳಿಸಿ, ಅದರ ಭಾವವನ್ನು ಕನ್ನಡದಲ್ಲಿ ಹೇಳಿ, ಮೂವತ್ತು ವರ್ಷದ ನಿಮಗೆ ನೀವೇ ಒಂದು ಕಾಗದ ಬರೆಯಿರಿ, ಅಂಕವಿಲ್ಲ, ನಾನು ಓದುವುದೂ ಇಲ್ಲ ಎಂದೆ. ತುಸು ಹೊತ್ತು ಯಾರೂ ಪೆನ್ನು ಎತ್ತಲಿಲ್ಲ. ಆಮೇಲೆ ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, ‘ನನಗೆ ನಾನೇ ಬರೆಯುವುದಾದರೆ ತುಳುವಿನಲ್ಲಿ ಬರೆಯಬಹುದಾ ಟೀಚರ್?’ ಎಂದು ಕೇಳಿದಳು. ಬಹುದು ಎಂದದ್ದೇ ತಡ, ತರಗತಿಯ ಬಿಗಿ ಸಡಿಲಿತು. ಕನ್ನಡ ಅಕ್ಷರಗಳಲ್ಲಿ ಯಾರೋ ತುಳು ಬರೆದರು, ಯಾರೋ ಕೊಂಕಣಿ, ಬ್ಯಾರಿ ಬರೆದರು, ಮನೆಯಲ್ಲಿ ಕುಂದಾಪ್ರ ಕನ್ನಡ ಆಡುವವನು ಹಾಗೆಯೇ ಬರೆದ. ಮನಸ್ಸಿನ ಒಳಗಿನ ದನಿಯನ್ನು ನಂಬು ಎಂದು ಹಾಡು ಹೇಳುವಾಗ ಆ ದನಿ ಯಾವ ಭಾಷೆಯಲ್ಲಿ ಮಾತಾಡುತ್ತದೆ ಎಂದು ನಮ್ಮ ಶಾಲೆಗಳು ಕೇಳುವುದೇ ಇಲ್ಲವಲ್ಲ ಎಂದು ನನಗೆ ಬಹಳ ಅನಿಸಿತು. ಎರಡು ಭಾಷೆಗಳ ಮನೆಯಲ್ಲಿ ಬೆಳೆದವರ ಹಾಡಿನಿಂದಾಗಿ ಈ ಪ್ರಶ್ನೆ ಎದ್ದುದಕ್ಕೆ ಸಂತೋಷವೂ ಆಯಿತು.

ಮಲ್ಪೆಯ ಕಡೆಯಿಂದ ಬರುವ ಇನ್ನೊಬ್ಬ ಹುಡುಗ ಕಡಲಿನ ಸಾಲನ್ನು ಒಪ್ಪಲಿಲ್ಲ. ಅವನ ಮನೆಯವರು ನಾಡದೋಣಿಯವರು. ‘ಕಡಲು ಎದ್ದಿರುವಾಗ ಯಾರೂ ದೋಣಿ ಇಳಿಸುವುದಿಲ್ಲ ಟೀಚರ್, ದಡದಲ್ಲಿ ನಿಂತು ನೋಡುತ್ತಾರೆ’ ಎಂದ. ನಾನು ಉತ್ತರ ಹುಡುಕುವಷ್ಟರಲ್ಲಿ ಅವನೇ ಯೋಚಿಸಿ, ‘ಆದರೆ ತೂಫಾನ್ ಆಗದಿದ್ದರೆ ಮೀನೂ ಇಲ್ಲ’ ಎಂದು ಸೇರಿಸಿದ. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುವ ಮಳೆಗಾಲದಲ್ಲಿ ನಾಡದೋಣಿಯವರು ಕಾಯುವುದೇ ತೂಫಾನಿಗಾಗಿ. ಕಡಲು ಒಮ್ಮೆ ಚೆನ್ನಾಗಿ ಕಲಕಿ, ಅನಂತರ ತಣಿದರೆ ಮೀನು ದಡದತ್ತ ಬರುತ್ತದೆ. ಹರೆಯವನ್ನು ಒರಟು ಕಡಲೆನ್ನುವ ಮಾತು ಹಾಡಿನಲ್ಲಿ ಒಂದು ಸಾಲಷ್ಟೇ. ಅದಕ್ಕೆ ಕಾಯುವ ಬುದ್ಧಿಯನ್ನೂ ಇಳಿಯುವ ಹೊತ್ತನ್ನೂ ಸೇರಿಸಿಕೊಟ್ಟದ್ದು ನಮ್ಮ ತರಗತಿಯ ಹುಡುಗ. ಕನ್ನಡದಲ್ಲಿ ಹಾಡಲು ನಾವು ಸಾಲು ಕಟ್ಟಿಕೊಳ್ಳುವಾಗ ಅವನ ಮಾತನ್ನು ಬಿಟ್ಟುಬಿಡುವುದಿಲ್ಲ ಎಂದು ಅಂದೇ ನಿಶ್ಚಯಿಸಿದೆವು.

ಬರೆದು ಮುಗಿಸಿದ ಕಾಗದಗಳನ್ನು ಶಾಲೆಯ ಕಪಾಟಿನಲ್ಲಿ ಇಡುವ ಯೋಚನೆ ಮೊದಲು ನನಗಿತ್ತು. ಆದರೆ ಆಂಜೆಲಾ ಅವರ ಪತ್ರ ಉಳಿದದ್ದು ಅವರ ತಾಯಿಯ ಕೈಯಲ್ಲಿ ಎಂಬುದನ್ನು ಮಕ್ಕಳು ನೆನಪಿಸಿದರು. ಅಂಟಿಸಿದ ಲಕೋಟೆಗಳು ಅಮ್ಮಂದಿರ, ಅಜ್ಜಿಯರ, ಒಂದಿಬ್ಬರದು ದೊಡ್ಡಮ್ಮನ ಕೈಗೆ ಹೋದವು.

ಇನ್ನು ಹಾಡುವ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಈ ಹಾಡು ಹರೆಯದವರನ್ನು ಎಷ್ಟು ಅರಿತು ಮಾಡಿದ್ದು ಎಂಬುದು ಕೇಳುವಾಗ ತಿಳಿದುದಕ್ಕಿಂತ ಹಾಡಲು ಹೊರಟಾಗ ನನಗೆ ಹೆಚ್ಚು ತಿಳಿಯಿತು. ನಮ್ಮ ಶಾಲೆಗಳ ಬೆಳಗಿನ ಪ್ರಾರ್ಥನೆಯನ್ನು ಗಮನಿಸಿ ನೋಡಿ. ನಾಡಗೀತೆ ಹಾಡುವಾಗ ಎಂಟನೆಯ ತರಗತಿಯ ಹುಡುಗರು ಗಂಟಲು ಬಿಚ್ಚಿ ಹಾಡುತ್ತಾರೆ, ಹತ್ತನೆಯವರು ಹಿಂದಿನ ಸಾಲಿನಲ್ಲಿ ನಿಂತು ತುಟಿ ಮಾತ್ರ ಆಡಿಸುತ್ತಾರೆ. ಧ್ವನಿ ಒಡೆಯುವ ಪ್ರಾಯ ಅದು. ಹುಡುಗಿಯರ ಶ್ರುತಿಗೆ ಏರಲು ಹೋದರೆ ದನಿ ಕೀರಲಾಗುತ್ತದೆ, ಕೆಳಗಿನ ಸ್ಥಾಯಿಗೆ ಇಳಿದರೆ ಅಲ್ಲಿ ಹಾಡಲು ಅವರಿಗೆಂದು ಏನೂ ಇಲ್ಲ. ಭಜನೆಯಿರಲಿ, ಭಾವಗೀತೆಯಿರಲಿ, ದೇಶಭಕ್ತಿ ಗೀತೆಯಿರಲಿ, ಎಲ್ಲರೂ ಒಂದೇ ಧಾಟಿಯನ್ನು ಒಂದೇ ಸ್ಥಾಯಿಯಲ್ಲಿ ಹಾಡುವುದು ನಮ್ಮ ಪದ್ಧತಿ. ಹಾಗಾಗಿ ಹುಡುಗರು ಮೌನವಾಗುತ್ತಾರೆ, ಹಲವರು ಮುಂದೆ ಎಂದೂ ಹಾಡುವುದೇ ಇಲ್ಲ. ಜಪಾನಿನ ಕಿರಿಯ ಪ್ರೌಢಶಾಲೆಗಳಲ್ಲಿ ಈ ಪ್ರಾಯದವರಿಗೆಂದೇ ಮಿಶ್ರ ಮೂರು ಧ್ವನಿಗಳ ಗಾಯನ ಬಳಕೆಯಲ್ಲಿದೆ. ಹುಡುಗಿಯರಿಗೆ ಮೇಲಿನದೊಂದು, ಕೆಳಗಿನದೊಂದು ಧ್ವನಿ. ಹುಡುಗರಿಗೆಲ್ಲ ಸೇರಿ ಒಂದು, ಒಡೆಯುತ್ತಿರುವ ಗಂಟಲಿಗೆ ನಿಲುಕುವಷ್ಟೇ ಹರವಿನದು. ಆಂಜೆಲಾ ಅವರ ಹಾಡನ್ನೂ ಅಲ್ಲಿ ಹೀಗೆ ಹೊಂದಿಸಿದ್ದಾರೆ.

ಹಲವು ಧ್ವನಿಗಳಲ್ಲಿ ಹಾಡುವ ವಿದ್ಯೆ ನಮ್ಮ ಊರಿಗೆ ಅಪರಿಚಿತವೇನೂ ಅಲ್ಲ. 1834ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದ ಮೇಲೆ ಕನ್ನಡ ಕ್ರೈಸ್ತ ಗೀತೆಗಳು ಇಲ್ಲಿನ ಚರ್ಚುಗಳಲ್ಲಿ ಹೀಗೆ ಮೊಳಗಿದವು, ಕೊಂಕಣಿ ಕ್ಯಾಥೊಲಿಕರ ಇಗರ್ಜಿಗಳಲ್ಲಿ ಇಂದಿಗೂ ಕ್ರಿಸ್ಮಸ್ ರಾತ್ರಿ ಈ ಸೊಗಸನ್ನು ಕೇಳಬಹುದು. ಮಂಗಳೂರಿನ ಇಗರ್ಜಿಯೊಂದರ ಗಾಯನವೃಂದದಲ್ಲಿ ಹಾಡುವ ನನ್ನ ಸಹೋದ್ಯೋಗಿಯೊಬ್ಬರು ಶನಿವಾರಗಳಂದು ತರಗತಿ ಮುಗಿದ ಮೇಲೆ ನಿಂತು ಮಕ್ಕಳಿಗೆ ಅಭ್ಯಾಸ ಮಾಡಿಸುತ್ತಿದ್ದಾರೆ. ಮೊದಲ ದಿನ ಹುಡುಗರು ಹುಡುಗಿಯರ ಧಾಟಿಯ ಹಿಂದೆಯೇ ಜಾರಿ ಹೋಗುತ್ತಿದ್ದರು. ಅವರು ಹುಡುಗರನ್ನಷ್ಟೇ ಪ್ರತ್ಯೇಕ ಕೋಣೆಗೆ ಕರೆದುಕೊಂಡು ಹೋಗಿ, ಹಾರ್ಮೋನಿಯಂನಲ್ಲಿ ಕೆಳಗಿನ ಸ್ವರವೊಂದನ್ನು ಹಿಡಿದು, ಇದು ನಿಮ್ಮ ಮನೆ, ಇಲ್ಲಿಂದ ಕದಲಬೇಡಿ ಎಂದು ಹೇಳಿಕೊಟ್ಟರು. ಮತ್ತೆ ಎಲ್ಲರೂ ಸೇರಿ ಹಾಡಿದಾಗ, ಹುಡುಗಿಯರ ಧಾಟಿಯ ಅಡಿಯಲ್ಲಿ ಆ ಒರಟು ದನಿಗಳು ಮೊದಲ ಸಲ ಸ್ಥಿರವಾಗಿ ನಿಂತವು. ವರ್ಷವಿಡೀ ಪ್ರಾರ್ಥನೆಯಲ್ಲಿ ತುಟಿ ಆಡಿಸಿಕೊಂಡಿದ್ದ ಒಬ್ಬನಿಗೆ ತನ್ನ ಧ್ವನಿ ತನಗೇ ಕೇಳಿಸಿ ಮುಖ ಕೆಂಪಾಯಿತು, ಆದರೆ ಅವನು ನಿಲ್ಲಿಸಲಿಲ್ಲ. ನಿನ್ನ ದನಿಯನ್ನು ನಂಬು ಎಂದು ಬೋಧಿಸುವ ಹಾಡು, ಆ ದನಿಗೆ ನಿಲ್ಲಲು ಜಾಗವನ್ನೂ ಮಾಡಿಕೊಟ್ಟಿದೆ. ಪ್ರೇರಣೆಯ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಇದೇ.

ಆಂಜೆಲಾ ಅವರು 2014ರಲ್ಲಿ, ಹೆಸರೂ ಬೇಡಿಕೆಯೂ ಇರುವಾಗಲೇ, ಬುದೊಕಾನಿನಲ್ಲಿ ಕಾರ್ಯಕ್ರಮವೊಂದನ್ನು ಮುಗಿಸಿ ಹಾಡುಗಾರಿಕೆಯನ್ನು ನಿಲ್ಲಿಸಿದರು. ಅಮೆರಿಕಕ್ಕೆ ಹೋಗಿ ಸಂಗೀತವನ್ನು ವಿದ್ಯಾರ್ಥಿನಿಯಾಗಿ ಮತ್ತೆ ಕಲಿಯಬೇಕು, ಸಂಗೀತ ನಾಟಕಗಳಿಗೆ ಹಾಡು ಕಟ್ಟಬೇಕು ಎಂಬ ಹಂಬಲ ಅವರದಾಗಿತ್ತು. ದೊಡ್ಡವಳಾದ ನನಗೂ ನಿದ್ದೆ ಬಾರದ ರಾತ್ರಿಗಳಿವೆ ಎಂದು ಬರೆದದ್ದು ಬರೀ ಸಾಲಿನ ಚೆಂದಕ್ಕಲ್ಲ ಎಂದು ಈ ನಡೆಯಿಂದ ನನಗೆ ಮನವರಿಕೆಯಾಯಿತು. ಸುಮಾರು ಹತ್ತು ವರ್ಷಗಳ ಬಳಿಕ, 2024ರಲ್ಲಿ, ಹಿರೋಶಿಮಾ ಸೀಮೆಯ ಯುದ್ಧಕಾಲದ ಬದುಕನ್ನು ಕುರಿತ ಸಂಗೀತ ನಾಟಕವೊಂದಕ್ಕೆ ಹಾಡುಗಳನ್ನು ರಚಿಸಿ ಅವರು ಜಪಾನಿನ ರಂಗಕ್ಕೆ ಮರಳಿದ್ದಾರೆ.

ನಮ್ಮ ಹತ್ತನೆಯ ತರಗತಿಯ ಬೀಳ್ಕೊಡುಗೆ ಫೆಬ್ರವರಿಯಲ್ಲಿದೆ. ಮೊದಲ ಪತ್ರವನ್ನು ಜಪಾನಿ ಭಾಷೆಯಲ್ಲಿ, ಎರಡನೆಯದನ್ನು ನಾವೇ ಕಟ್ಟಿದ ಕನ್ನಡದ ಸಾಲುಗಳಲ್ಲಿ ಹಾಡುವುದೆಂದು ತೀರ್ಮಾನವಾಗಿದೆ. ದೊಡ್ಡವರ ಉತ್ತರವನ್ನು ಮಕ್ಕಳೇ ಹಾಡುವುದು ಸರಿಯಲ್ಲ, ಅದನ್ನು ದೊಡ್ಡವರೇ ಹಾಡಬೇಕು ಎಂದು ತುಳುವಿನಲ್ಲಿ ಕಾಗದ ಬರೆದ ಹುಡುಗಿ ಹಟ ಹಿಡಿದಿದ್ದಾಳೆ. ಶಿಕ್ಷಕರು ಒಪ್ಪಿದ್ದೇವೆ, ಬಿಸಿಯೂಟದ ಅಡುಗೆಯ ಅಕ್ಕಂದಿರಿಬ್ಬರೂ ಒಪ್ಪಿದ್ದಾರೆ, ಮುಖ್ಯೋಪಾಧ್ಯಾಯರು ತಮ್ಮ ಶ್ರುತಿ ನಿಲ್ಲುತ್ತದೆಯೇ ಎಂದು ಇನ್ನೂ ಪರೀಕ್ಷಿಸಿಕೊಳ್ಳುತ್ತಿದ್ದಾರೆ. ಹೆತ್ತವರಿಗೆ ಮುಂದಿನ ಶನಿವಾರ ಸಭೆಯಲ್ಲಿ ಹಾಡನ್ನು ಕೇಳಿಸಿ, ಬರುವವರನ್ನೆಲ್ಲ ಸೇರಿಸಿಕೊಳ್ಳುವುದಿದೆ.